ಎಪಿಎಲ್‌ಗೆ ಪಾಷಾಣವೇ ಮದ್ದು

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು ದೊಡ್ಡ ಕಾಯಿಲೆ ಎಂದರೆ ಹೈದರಾಬಾದಿಗೆ ಹೊರಡುವುದು ಹಿಂದಿನಿಂದ ಬಂದ ರೂಢಿ. ರೆಡ್ ಹಿಲ್ಸ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆಯೋ ಪಂಜಗುಟ್ಟದ ನಿಮ್ಸೋ, ಎಲ್ಲಿಗೇ ಹೋಗಲಿ, ‘ಎಪಿಎಲ್’ ಎಂಬ ರಕ್ತದ ಕ್ಯಾನ್ಸರಿಗೆ ಆರ್ಸೆನಿಕ್ ಕೊಡಬೇಕು ಎಂದಾಗ ಮನೆಯವರಿಗೆ ಎದೆ ಝಲ್ಲೆನ್ನುತ್ತದೆ. ಆ ಭಯಕ್ಕೆ ಕಾರಣವೂ ಇದೆ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ನೀರಿನಲ್ಲಿದ್ದ ಆರ್ಸೆನಿಕ್‌ನಿಂದಲೇ ಜನರ ಅಂಗೈ, ಅಂಗಾಲುಗಳಲ್ಲಿ ಗಂಟುಗಳೆದ್ದವು, ಕೆಲವರಿಗೆ ಚರ್ಮದ ಕ್ಯಾನ್ಸರ್ ಆಯಿತು.

ಅದೇ ಪಾಷಾಣ ಇಲ್ಲಿ ಹೇಗೆ ಮದ್ದಾಗುತ್ತದೆ? ಎಪಿಎಲ್‌ನಲ್ಲಿ 15 ಮತ್ತು 17ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ‘ಪಿಎಂಎಲ್-ರಾರಾ’ ಎಂಬ ಪ್ರೋಟೀನ್ ಹುಟ್ಟುತ್ತದೆ. ಅದು ಎಳೆಯ ಬಿಳಿರಕ್ತಕಣಗಳನ್ನು ಬಲಿಯಲು ಬಿಡುವುದಿಲ್ಲ. ಆರ್ಸೆನಿಕ್ ಅದರ ಪಿಎಂಎಲ್ ಭಾಗಕ್ಕೆ ಅಂಟಿಕೊಂಡರೆ ಜೀವಕೋಶ ತಾನೇ ಆ ಪ್ರೋಟೀನನ್ನು ಒಡೆದುಹಾಕುತ್ತದೆ. ಜೊತೆಗೆ ಕೊಡುವ ಅಟ್ರಾ ಕ್ಯಾಪ್ಸೂಲ್, ಅಂದರೆ ವಿಟಮಿನ್ ‘ಎ’ಯ ಒಂದು ರೂಪ, ಇನ್ನೊಂದು ಭಾಗವನ್ನು ಹಿಡಿಯುತ್ತದೆ. 1970ರ ದಶಕದಲ್ಲಿ ಚೀನಾದ ಹಾರ್ಬಿನ್‌ನಲ್ಲಿ ಆರಂಭವಾದ ಆರ್ಸೆನಿಕ್ ಚಿಕಿತ್ಸೆ ನಮ್ಮ ದೇಶದಲ್ಲಿ ನೆಲೆಯೂರಿದ್ದರಲ್ಲಿ ವೆಲ್ಲೂರಿನ ಸಿಎಂಸಿಯ ಪಾಲು ದೊಡ್ಡದು. 1998ರಿಂದ 2004ರವರೆಗೆ ಅಲ್ಲಿ ಮುಖ್ಯವಾಗಿ ಆರ್ಸೆನಿಕನ್ನೇ ನೆಚ್ಚಿ ಚಿಕಿತ್ಸೆ ಪಡೆದ 72 ಮಂದಿಯಲ್ಲಿ ಶೇ. 86ರಷ್ಟು ಜನರ ಕಾಯಿಲೆ ಹತೋಟಿಗೆ ಬಂತು.

ಔಷಧಿ ನೋಡಲು ನೀರಿನಂತೆಯೇ ಇರುತ್ತದೆ. ತೂಕದ ಪ್ರತಿ ಕಿಲೋಗೆ 0.15 ಮಿಲಿಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ ದಿನಕ್ಕೆ 9 ಮಿಲಿಗ್ರಾಂ. ಅದನ್ನು ಸಲೈನ್‌ಗೆ ಬೆರೆಸಿ ಒಂದೆರಡು ಗಂಟೆ ಡ್ರಿಪ್ ಹಾಕುತ್ತಾರೆ. ಹೃದಯದ ಬಡಿತ ಏರುಪೇರಾಗದಂತೆ ಆಗಾಗ ಇಸಿಜಿ ತೆಗೆದು, ಪೊಟ್ಯಾಸಿಯಂ, ಮೆಗ್ನೀಸಿಯಂ ಮಟ್ಟ ನೋಡುತ್ತಾರೆ. ಜ್ವರ, ಉಬ್ಬಸ, ತೂಕ ದಿಢೀರನೆ ಏರುವುದು ಕಂಡರೆ ನರ್ಸಿಗೆ ತಕ್ಷಣ ಹೇಳಿ; ಅದಕ್ಕೆ ಡೆಕ್ಸಾಮೆಥಸೋನ್ ಕೊಡುತ್ತಾರೆ. ಇಷ್ಟೆಲ್ಲ ಕಾವಲಿಲ್ಲದೆ, ಯಾರೋ ಕೊಟ್ಟ ಪಾಷಾಣದ ಭಸ್ಮ ನುಂಗುವುದು ಪ್ರಾಣಕ್ಕೇ ಅಪಾಯ.

ಕಾಯಿಲೆ ಹತೋಟಿಗೆ ಬಂದ ಮೇಲೂ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ನಾಲ್ಕು ವಾರ ಡ್ರಿಪ್, ನಾಲ್ಕು ವಾರ ಬಿಡುವು. ಹೀಗೆ ನಾಲ್ಕು ಸುತ್ತು. ಊರಿಂದ ದಿನಾ ಓಡಾಡಲಾಗದು, ಆಸ್ಪತ್ರೆಯ ಹತ್ತಿರ ರೂಮು ನೋಡಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಮೊದಲ ಕೆಲವು ದಿನಗಳ ರಕ್ತಸ್ರಾವ. ವಸಡಿನಲ್ಲಿ ರಕ್ತ, ಮೈಮೇಲೆ ಪೆಟ್ಟಿಲ್ಲದೆ ನೀಲಿ ಕಲೆ ಕಂಡರೆ ಡೆಂಗಿ ಇರಬಹುದೆಂದು ಕಾಯದೆ, ಊರಿನಲ್ಲೇ ಸಿಬಿಸಿ ಜೊತೆ ರಕ್ತದ ಸ್ಲೈಡನ್ನೂ ನೋಡಿಸಿ. ಎಪಿಎಲ್ ಅನುಮಾನ ಬಂದರೆ ವೈದ್ಯರು ಜೀನ್ ರಿಪೋರ್ಟಿಗೂ ಕಾಯದೆ ಅಟ್ರಾ ಆರಂಭಿಸುತ್ತಾರೆ.