ಯಂತ್ರದ ಒಡೆತನ, ಯಂತ್ರದ ಅರಿವು

ಹಣ ತೆತ್ತು ಕೊಂಡವನೇ ವಸ್ತುವಿನ ಒಡೆಯನೆಂದು ಕಾನೂನು ಹೇಳುವುದು. ಲೋಕವೂ ಇದನ್ನು ಒಪ್ಪಿಕೊಂಡಿದೆ. ಆದರೆ ಆ ವಸ್ತುವು ಕೆಟ್ಟು ನಿಂತ ಗಳಿಗೆಯಲ್ಲಿ ಈ ಒಡೆತನದ ನಿಜವಾದ ಬೆಲೆ ಎಷ್ಟೆಂಬುದು ಹೊರಬೀಳುತ್ತದೆ. ಆಗುಂಬೆಯ ಘಟ್ಟದ ನಡುವೆ, ಸಂಜೆಯ ಮಳೆಯಲ್ಲಿ, ಮೋಟಾರು ಸೈಕಲ್ಲು ಸದ್ದಡಗಿ ನಿಂತಿತೆನ್ನೋಣ. ರಿಜಿಸ್ಟ್ರೇಷನ್ ಪತ್ರದಲ್ಲಿ ಸವಾರನ ಹೆಸರು ಸ್ಫುಟವಾಗಿ ಅಚ್ಚಾಗಿರಬಹುದು. ಆದರೆ ಗಾಡಿ ಏಕೆ ನಿಂತಿತೆಂಬುದನ್ನು ಅರಿಯದವನಿಗೆ ಆ ಕಾಗದವು ಒಂದು ಹರಕು ಕೊಡೆಯಷ್ಟೂ ಉಪಯೋಗಕ್ಕೆ ಬಾರದು. ಪ್ಲಗ್ಗನ್ನು ಕಳಚಿ, ಒರಸಿ, ಕಿಡಿ ಬರುವುದೋ ಇಲ್ಲವೋ ನೋಡಿ, ದೋಷವನ್ನು ಪತ್ತೆಹಚ್ಚಿ ಮತ್ತೆ ಹೊರಡಬಲ್ಲವನೇ ಅದರ ಒಡೆಯನು. ಮಿಕ್ಕವನು ಅದರ ಮೇಲೆ ಕುಳಿತ ಪ್ರಯಾಣಿಕ ಮಾತ್ರ.

ತಮ್ಮ ವಾಹನವನ್ನು ತಾವೇ ದುರಸ್ತಿ ಮಾಡಿಕೊಂಡು ಊರೂರು ಸುತ್ತುವ ಸವಾರರ ಒಂದು ವರ್ಗವು ನಮ್ಮ ನಾಡಿನಲ್ಲಿ ಉಂಟು. ಭಾನುವಾರ ಬೆಳಗಾದರೆ ಎಣ್ಣೆಯ ಕೈಯಲ್ಲಿ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕುಳಿತಿರುವ ಇವರನ್ನು ಕಂಡು ನೆರೆಹೊರೆಯವರು ನಗುವುದೂ ಉಂಟು. ಆದರೆ ಇವರು ಸದ್ದಿಲ್ಲದೆ ಕಾಪಾಡಿಕೊಂಡು ಬಂದಿರುವ ವಿದ್ಯೆ ಎಂಥದು, ಅದಕ್ಕೆ ಈಗ ಒದಗಿರುವ ಗಂಡಾಂತರವೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 1929ರಲ್ಲಿ ಪ್ರಾಗ್ ನಗರದ ಫ್ರಾಂತಿಷೆಕ್ ಯಾನೆಚೆಕ್ ಎಂಬ ಉದ್ಯಮಿಯು ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಪಡೆದು, ತನ್ನ ಹೆಸರಿನ ಆರಂಭವನ್ನೂ ಆ ಸಂಸ್ಥೆಯ ಹೆಸರಿನ ಆರಂಭವನ್ನೂ ಕೂಡಿಸಿ ತನ್ನ ಗಾಡಿಗೆ ಜಾವಾ ಎಂದು ನಾಮಕರಣ ಮಾಡಿದನು. ಆ ಸಂಸ್ಥೆಯ ಪರವಾನಗಿಯೊಡನೆ ಐಡಿಯಲ್ ಜಾವಾ ಕಂಪೆನಿಯು ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆಯನ್ನು ಕಟ್ಟಿ, 1961ರ ಸುಮಾರಿಗೆ 250 ಸಿಸಿ ಗಾಡಿಗಳನ್ನು ಹೊರತರತೊಡಗಿತು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಾಟವಾದುವು. ರೋಡ್‌ಕಿಂಗ್ ಎಂಬ ಮಾದರಿಯು ದೂರದ ಹಾದಿಯ ಸವಾರರಿಗೆ ಅಚ್ಚುಮೆಚ್ಚಾಯಿತು. 1996ರಲ್ಲಿ ಕಾರ್ಖಾನೆಯು ಬಾಗಿಲು ಮುಚ್ಚಿತು.

ಹೆತ್ತ ಕಾರ್ಖಾನೆಯೇ ಇಲ್ಲವಾದ ಮೇಲೆ ಅದರ ಯಂತ್ರಗಳು ಹತ್ತು ವರ್ಷದೊಳಗೆ ಗುಜರಿಯ ಪಾಲಾಗಬೇಕಾಗಿದ್ದುದು ಲೋಕರೂಢಿ. ಆದರೆ ಹಾಗಾಗಲಿಲ್ಲ. ಇಂದಿಗೂ ಮೈಸೂರು, ಬೆಂಗಳೂರುಗಳ ಬೀದಿಗಳಲ್ಲಿ ಆ ಜೋಡಿ ಸೈಲೆನ್ಸರಿನ ಸದ್ದು ಕಿವಿಗೆ ಬೀಳುತ್ತದೆ. ಪ್ರತಿವರ್ಷ ಜುಲೈ ತಿಂಗಳಿನ ಎರಡನೆಯ ಭಾನುವಾರದಂದು ಜಾವಾ-ಯೆಜ್ಡಿ ದಿನವೆಂದು ಇವುಗಳ ಒಡೆಯರು ಸೇರುತ್ತಾರೆ. ಅಲ್ಲಿ ನಿಲ್ಲುವ ಗಾಡಿಗಳಲ್ಲಿ ಅನೇಕವು ತಮ್ಮ ಸವಾರರಿಗಿಂತ ವಯಸ್ಸಿನಲ್ಲಿ ಹಿರಿಯವು. ಇವನ್ನು ಬದುಕಿಸಿದವರಾರು? ತಯಾರಿಸಿದವರಲ್ಲ, ಮಾರಿದವರೂ ಅಲ್ಲ. ಮನೆಯ ಜಗಲಿಯ ಮೇಲೆ ಪಾನಾ ಹಿಡಿದು ಕುಳಿತ ಒಡೆಯರು, ಮತ್ತು ಓಣಿಯ ತುದಿಯ ಸಣ್ಣ ಅಂಗಡಿಗಳ ಮೇಸ್ತ್ರಿಗಳು.

ಈ ಯಂತ್ರದ ರಚನೆಯೇ ಕಲಿಯುವವನಿಗೆ ಅನುಕೂಲವಾದುದು. ಇದು ಟೂ-ಸ್ಟ್ರೋಕ್ ಎಂಜಿನು. ಇದರ ತಲೆಯೊಳಗೆ ವಾಲ್ವುಗಳಿಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತ ಕಿಂಡಿಗಳನ್ನು ತೆರೆದು ಮುಚ್ಚಿ ವಾಲ್ವಿನ ಕೆಲಸವನ್ನೂ ಮಾಡುವುದು. ಎಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ಲೀಟರಿಗೆ ಸುಮಾರು 40 ಮಿಲಿಲೀಟರು ಎಂಬುದು ಬಳಕೆಯ ಲೆಕ್ಕ. ಗೇರು ಹಾಕುವ ಸನ್ನೆಯನ್ನೇ ಒತ್ತಿ ತಿರುಗಿಸಿದರೆ ಅದೇ ಕಿಕ್ಕರಾಗುವುದು. ಹಿಂದಿನ ಚೈನು ಪೂರ್ತಿಯಾಗಿ ತಗಡಿನ ಕವಚದೊಳಗೆ ಇರುವುದರಿಂದ ಧೂಳಿಗೂ ಕೆಸರಿಗೂ ಸಿಕ್ಕದೆ ಬಹುಕಾಲ ಬಾಳುವುದು. ಗುಟ್ಟೆಂಬುದು ಇದರಲ್ಲಿ ಯಾವುದೂ ಇಲ್ಲ. ಕಣ್ಣಿಟ್ಟು ನೋಡುವವನಿಗೆ ಕಾರಣವೂ ಕಾರ್ಯವೂ ಎದುರಿಗೇ ಕಾಣುವುವು.

ಮನೆಯ ಮೇಸ್ತ್ರಿಯ ದಿನಚರಿಯನ್ನು ಸ್ವಲ್ಪ ನೋಡೋಣ. ಸಲಕರಣೆಗಳು ಬಹಳವೇನೂ ಅಲ್ಲ: ಒಂದು ಜೊತೆ ಪಾನಾಗಳು, ಪ್ಲಗ್ ಸ್ಪ್ಯಾನರು, ಸ್ಕ್ರೂ ಡ್ರೈವರು, ಫೀಲರ್ ಗೇಜು, ಎಮರಿ ಕಾಗದ, ಒಂದಿಷ್ಟು ಹಳೆಯ ಬಟ್ಟೆ, ಮತ್ತು ಕಳಚಿದ ಬೋಲ್ಟುಗಳನ್ನು ಕ್ರಮವಾಗಿ ಇಡುವುದಕ್ಕೆ ಅಡುಗೆಮನೆಯಿಂದ ಬಂದ ಒಂದು ತಟ್ಟೆ. ಆ ತಟ್ಟೆಯು ಮತ್ತೆ ಅಡುಗೆಮನೆಗೆ ಹಿಂದಿರುಗುವುದಿಲ್ಲವೆಂಬುದೇ ಇಂಥ ಮನೆಗಳ ಸ್ಥಿರವಾದ ಕಲಹ. ಕಾರ್ಬ್ಯುರೇಟರನ್ನು ಬಿಚ್ಚಿ ಜೆಟ್ಟಿನ ಕೂದಲೆಳೆಯಂಥ ರಂಧ್ರವನ್ನು ಊದಿ ಶುದ್ಧಮಾಡುವುದು. ಕಿಡಿಯನ್ನು ಕಾಲಕ್ಕೆ ಸರಿಯಾಗಿ ಹೊಮ್ಮಿಸುವ ಪಾಯಿಂಟುಗಳ ಅಂತರವನ್ನು 0.4 ಮಿಲಿಮೀಟರಿಗೆ ಕೂಡಿಸುವುದು. ಹೊಗೆ ಹೊರಬೀಳುವ ಕಿಂಡಿಯಲ್ಲಿಯೂ ಸೈಲೆನ್ಸರಿನಲ್ಲಿಯೂ ಕಟ್ಟಿದ ಕರಿಯನ್ನು ಕೆರೆದು ತೆಗೆಯುವುದು. ಕ್ಲಚ್ ಕೇಬಲ್ಲಿನ ತುದಿಯ ಎಳೆಗಳು ಹರಿಯುತ್ತಿರುವುವೇ ಎಂದು ಬೆರಳಿನಿಂದ ತಡವುವುದು—ಇವು ಕಾಲಕಾಲದ ಕರ್ಮಗಳು. ಇವುಗಳಲ್ಲಿ ಒಂದೂ ಅಸಾಧ್ಯವಾದುದಲ್ಲ. ಒಂದನ್ನೂ ಅವಸರದಲ್ಲಿ ಮಾಡತಕ್ಕದ್ದಲ್ಲ.

ಪ್ಲಗ್ಗು ಇವನ ಪಾಲಿಗೆ ವೈದ್ಯನಿಗೆ ರೋಗಿಯ ನಾಲಗೆ ಇದ್ದಂತೆ. ಅದರ ಬಣ್ಣ ಸುಟ್ಟ ಇಟ್ಟಿಗೆಯಂತಿದ್ದರೆ ಎಂಜಿನ್ನಿನ ಆರೋಗ್ಯ ನೆಟ್ಟಗಿದೆ. ಕರ್ರಗೆ ಜಿಡ್ಡಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚಾಗಿದೆ. ಬೆಳ್ಳಗೆ ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚಾಗಿ ಒಳಗೆ ಕಾವು ಏರುತ್ತಿದೆಯೆಂದು ಎಚ್ಚರಗೊಳ್ಳಬೇಕು. ಗೇರು ಪೆಟ್ಟಿಗೆಯ ಎಣ್ಣೆ ನೆಲಕ್ಕೆ ಸೋರದೆಯೇ ಕಡಮೆಯಾಗುತ್ತ, ಸೈಲೆನ್ಸರಿನಿಂದ ಬಿಳಿಯ ಹೊಗೆ ಮೋಡದಂತೆ ಬರುತ್ತಿದ್ದರೆ, ನಡುವಣ ಆಯಿಲ್ ಸೀಲು ಸವೆದು ಎಂಜಿನು ಆ ಎಣ್ಣೆಯನ್ನು ಕುಡಿಯುತ್ತಿದೆ ಎಂದು ತಿಳಿಯಬೇಕು. ಹೀಗೆ ಚಿಹ್ನೆಯಿಂದ ಕಾರಣಕ್ಕೆ ಹೋಗುವ ಅಭ್ಯಾಸವನ್ನೇ ನಮ್ಮ ಹಿರಿಯರು ಅನುಮಾನ ಪ್ರಮಾಣವೆಂದು ಕರೆದರು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಪಾಠವನ್ನು ಈ ಸವಾರನು ಶಾಲೆಗೆ ಹೋಗದೆಯೇ ಕಲಿಯುತ್ತಾನೆ.

ಪ್ರವಾಸವು ಈ ಕಲಿಕೆಯ ಪರೀಕ್ಷೆ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರು. ಅಲ್ಲಿಂದ ಸಂಪಾಜೆಯ ಘಟ್ಟವನ್ನಿಳಿದರೆ ಸುಳ್ಯ, ಮುಂದೆ ಕಡಲ ತೀರ. ಹೊರಡುವ ಮುನ್ನ ಸೀಟಿನ ಕೆಳಗೋ ಚೀಲದಲ್ಲಿಯೋ ಒಂದು ಪ್ಲಗ್ಗು, ಒಂದು ಜೊತೆ ಪಾಯಿಂಟು, ಕಂಡೆನ್ಸರು, ಕ್ಲಚ್ ಕೇಬಲ್ಲು, ಚೈನಿನ ಲಾಕು, ಟ್ಯೂಬು, ಪಂಕ್ಚರಿನ ಸಾಮಾನು, ಅಳತೆಯ ಲೋಟದೊಡನೆ ಎಣ್ಣೆ, ಇಷ್ಟೂ ಸೇರಬೇಕು. ಏರುವುದಕ್ಕಿಂತ ಇಳಿಯುವುದರಲ್ಲಿಯೇ ಹೆಚ್ಚಿನ ಜಾಣ್ಮೆ ಬೇಕಾಗುವುದು. ಎಣ್ಣೆಯು ಪೆಟ್ರೋಲಿನೊಡನೆಯೇ ಎಂಜಿನ್ನಿಗೆ ಹೋಗುವುದಷ್ಟೆ. ಆದುದರಿಂದ ಉದ್ದವಾದ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಗೇರಿನಲ್ಲಿಯೇ ಇಳಿಯುತ್ತ ಹೋದರೆ ಚಕ್ರವು ಎಂಜಿನ್ನನ್ನು ಭರದಿಂದ ತಿರುಗಿಸುತ್ತಿರುತ್ತದೆ, ಆದರೆ ಪಿಸ್ಟನ್ನಿಗೆ ಎಣ್ಣೆ ಮುಟ್ಟುವುದಿಲ್ಲ. ಅದು ಕಾದು ಸಿಲಿಂಡರಿನಲ್ಲಿ ಕಚ್ಚಿಕೊಂಡರೆ ಹಿಂದಿನ ಚಕ್ರವೇ ನಿಂತು ಸವಾರನು ನೆಲಕ್ಕುರುಳುವನು. ಅನುಭವಿಯಾದವನು ಇಳಿಯುವಾಗಲೂ ಆಗಾಗ ಒಂದಿಷ್ಟು ಆಕ್ಸಿಲರೇಟರನ್ನು ತಿರುವಿ ಪಿಸ್ಟನ್ನಿಗೆ ಎಣ್ಣೆಯುಣಿಸುತ್ತಾನೆ. ಎಂಜಿನ್ನಿನ ಸದ್ದು ಬಿಗಿಯಾದುದನ್ನು ಕೇಳಿದೊಡನೆ ಕ್ಲಚ್ಚನ್ನು ಹಿಡಿಯುತ್ತಾನೆ. ಯಂತ್ರವನ್ನು ಕೈಯಾರೆ ಬಿಚ್ಚಿ ನೋಡಿದವನಿಗೆ ಈ ವಿವೇಕವು ತಾನಾಗಿ ಬರುವುದು. ಬಿಚ್ಚದವನಿಗೆ ಅಪಘಾತವೇ ಗುರುವಾಗಬೇಕು.

ಎಲ್ಲವನ್ನೂ ಮನೆಯಲ್ಲಿಯೇ ಮಾಡಬಹುದೆಂದು ನಾವು ಹೇಳುತ್ತಿಲ್ಲ. ಸಿಲಿಂಡರನ್ನು ಬೋರು ಮಾಡಿಸುವುದಕ್ಕೆ ಲೇತಿನ ಅಂಗಡಿಗೇ ಹೋಗಬೇಕು. ಕ್ರ್ಯಾಂಕನ್ನು ಬಿಡಿಸಿ ಕೂಡಿಸುವುದು ನುರಿತ ಮೇಸ್ತ್ರಿಯ ಕೆಲಸ. ಬ್ರೇಕಿನ ವಿಷಯದಲ್ಲಿ ಸಂದೇಹವಿದ್ದರೆ ಬಲ್ಲವರಿಗೆ ತೋರಿಸದೆ ರಸ್ತೆಗಿಳಿಯುವುದು ತನಗೂ ಪರರಿಗೂ ಮಾಡುವ ದ್ರೋಹ. ತನಗೆ ತಿಳಿಯದುದು ಯಾವುದೆಂದು ತಿಳಿದಿರುವುದೂ ಅರಿವಿನ ಒಂದು ಭಾಗವೇ ಸರಿ. ಆದರೆ ತಾನೇ ಕೈಯಿಟ್ಟು ನೋಡಿದ ಒಡೆಯನು ಮೇಸ್ತ್ರಿಯ ಬಳಿಗೆ ಹೋಗುವ ರೀತಿಯೇ ಬೇರೆ. “ಗಾಡಿ ಯಾಕೋ ಸರಿಯಿಲ್ಲ” ಎಂದು ಅವನು ಗೊಣಗುವುದಿಲ್ಲ, “ಬಿಸಿಯಾದ ಮೇಲೆ ಕಿಡಿ ಸಾಯುತ್ತೆ, ಕಾಯಿಲ್ ನೋಡ್ತೀರಾ, ಮೇಸ್ತ್ರಿ?” ಎಂದು ಕೇಳುತ್ತಾನೆ. ಅಲ್ಲಿ ಗಿರಾಕಿ ಮತ್ತು ಕೆಲಸಗಾರ ಎಂಬ ಭೇದವಳಿದು ಇಬ್ಬರು ಬಲ್ಲವರ ಸಂಭಾಷಣೆ ನಡೆಯುತ್ತದೆ. ಶ್ರಮಕ್ಕೆ ಗೌರವ ಸಲ್ಲಬೇಕೆಂದು ವೇದಿಕೆಯಿಂದ ನುಡಿಯುವವರು ಬಹುಮಂದಿ. ತಾವೇ ಒಮ್ಮೆ ಬೆರಳು ತರಚಿಕೊಂಡವರಿಗೆ ಆ ಉಪದೇಶದ ಅಗತ್ಯವೇ ಇರುವುದಿಲ್ಲ.

ಇದಕ್ಕೆ ಆಕ್ಷೇಪಣೆಗಳಿವೆ, ಅವುಗಳಲ್ಲಿ ಒಂದು ನ್ಯಾಯವಾದುದು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಇಂಧನದ ಒಂದಂಶವು ಉರಿಯದೆಯೇ ಹೊಗೆಯೊಡನೆ ಹೊರಬೀಳುವುದು. ಅದು ಪಟ್ಟಣದ ಗಾಳಿಗೆ ಕೇಡು. ಹೊಗೆಯ ನಿಯಮಗಳು 1996ರಲ್ಲಿಯೂ 2000ದಲ್ಲಿಯೂ ಬಿಗಿಯಾದುದು ಲೋಕಹಿತಕ್ಕಾಗಿಯೇ; ಅದನ್ನು ಅಲ್ಲಗಳೆಯುವಂತಿಲ್ಲ. ಎಲ್ಲರೂ ಹಳೆಯ ಗಾಡಿಯನ್ನೇ ಏರಬೇಕೆಂಬುದು ನಮ್ಮ ವಾದವಲ್ಲ. ಹಳೆಯ ಯಂತ್ರವು ಹೋಗಬಹುದು. ಅದರೊಡನೆ ಅದು ಕಲಿಸಿದ ವಿದ್ಯೆಯೂ ಹೋಗಬೇಕೆ? ಇದೇ ನಮ್ಮ ಪ್ರಶ್ನೆ.

2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಮರಳಿ ಮಾರುಕಟ್ಟೆಗೆ ಬಂದುವು. ಹೊಸ ಗಾಡಿಗಳು ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಅವು ಫೋರ್-ಸ್ಟ್ರೋಕ್ ಎಂಜಿನುಗಳು. ಕಾರ್ಬ್ಯುರೇಟರಿನ ಸ್ಥಾನದಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂದಿದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಫಲವಾಗಿ ಇಂದು ಯಾವ ಕಂಪೆನಿಯ ಗಾಡಿಯೇ ಆಗಲಿ, ಗಾಳಿ ಮತ್ತು ಇಂಧನದ ಅಳತೆಯನ್ನು ಸೆನ್ಸರುಗಳ ವರದಿಯಂತೆ ಒಂದು ಪುಟ್ಟ ಗಣಕವು ನಿರ್ಧರಿಸುತ್ತದೆ. ಹೊಗೆ ಕಡಮೆಯಾಯಿತು, ಇದು ಲಾಭ. ಆದರೆ ದೋಷವು ತಲೆದೋರಿದಾಗ ಫಲಕದಲ್ಲಿ ಒಂದು ಹಳದಿ ದೀಪ ಹೊತ್ತಿಕೊಳ್ಳುವುದು. ಅದರ ಅರ್ಥವನ್ನು ಓದಲು ಬೇಕಾದ ಉಪಕರಣವೂ ವಿವರಣೆಯೂ ಸಾಮಾನ್ಯವಾಗಿ ಅಧಿಕೃತ ಸರ್ವೀಸ್ ಅಂಗಡಿಯ ವಶದಲ್ಲಿರುತ್ತವೆ. ಒಡೆಯನು ಹೊರಗೆ ಬೆಂಚಿನ ಮೇಲೆ ಕುಳಿತು, ಕೊಟ್ಟ ಬಿಲ್ಲಿಗೆ ಹಣ ತೆರುವವನಾಗುತ್ತಾನೆ. ಓಣಿಯ ಮೇಸ್ತ್ರಿಯು ಕೈಕಟ್ಟಿ ನಿಲ್ಲುತ್ತಾನೆ.

ಇದು ವಿಜ್ಞಾನದ ಅನಿವಾರ್ಯ ಫಲವೆಂದು ಭಾವಿಸುವುದು ತಪ್ಪು. ಗಣಕವಿದ್ದರೆ ಅದರ ಭಾಷೆಯನ್ನು ಒಡೆಯನಿಗೆ ತಿಳಿಸಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ಮತದಾರರು, ಕಾರುಗಳ ದುರಸ್ತಿಗೆ ಬೇಕಾದ ಮಾಹಿತಿಯು ಕಂಪೆನಿಯ ಅಂಗಡಿಗೆ ಸಿಕ್ಕುವಂತೆಯೇ ಸ್ವತಂತ್ರ ಮೇಸ್ತ್ರಿಗಳಿಗೂ ಸಿಕ್ಕಬೇಕೆಂಬ ಕಾನೂನಿಗೆ ಸಮ್ಮತಿಯಿತ್ತರು. ನಮ್ಮ ದೇಶದಲ್ಲಿಯೂ 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕನ್ನು ಕುರಿತು ಒಂದು ಸಮಿತಿಯನ್ನು ನೇಮಿಸಿತು. ಕೃಷಿ ಯಂತ್ರ, ಮೊಬೈಲು, ಗೃಹೋಪಯೋಗಿ ವಸ್ತು, ಮೋಟಾರು ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇದಕ್ಕಾಗಿ ಜಾಲತಾಣವನ್ನು ತೆರೆಯಿತು. ಇದು ಸ್ವಾಗತಾರ್ಹ. ಆದರೆ ಕಂಪೆನಿಗಳು ತಮ್ಮ ಇಷ್ಟದಂತೆ ಕೊಟ್ಟಷ್ಟನ್ನು ಪಡೆಯುವುದು ಹಕ್ಕಲ್ಲ, ದಾಕ್ಷಿಣ್ಯ. ದೋಷಸಂಕೇತಗಳ ಅರ್ಥ, ದುರಸ್ತಿಯ ಕೈಪಿಡಿ, ಬಿಡಿಭಾಗಗಳು—ಈ ಮೂರೂ ನ್ಯಾಯವಾದ ಬೆಲೆಗೆ ಎಲ್ಲರಿಗೂ ದೊರೆಯಬೇಕು. ಇದು ಬರಿಯ ಹವ್ಯಾಸಿ ಸವಾರನ ಮಾತಲ್ಲ. ಟ್ರ್ಯಾಕ್ಟರು ಕೆಟ್ಟು ಬಿತ್ತನೆಯ ಹದ ತಪ್ಪಿಸಿಕೊಳ್ಳುವ ರೈತನದೂ ಇದೇ ಮಾತು.

ಸರ್ಕಾರವು ಮಾಡತಕ್ಕದ್ದನ್ನು ಹೇಳಿದುದಾಯಿತು. ನಾವು ಮಾಡತಕ್ಕದ್ದೂ ಉಂಟು. ಜಾವಾದ ಎಂಜಿನ್ನನ್ನು ಕಣ್ಣು ಮುಚ್ಚಿಕೊಂಡು ಕೂಡಿಸಬಲ್ಲ ಮೇಸ್ತ್ರಿಗಳು ವೃದ್ಧರಾಗಿದ್ದಾರೆ. ಅವರು ಕಲಿತುದು ಗುರುವಿನ ಪಕ್ಕದಲ್ಲಿ ಕುಳಿತು, ಕಿವಿಯಿಂದ ಮತ್ತು ಬೆರಳಿನಿಂದ. ಅದನ್ನು ಕನ್ನಡದಲ್ಲಿ ಬರೆದಿಟ್ಟುದು ಬಹು ವಿರಳ. ಅವರೊಬ್ಬೊಬ್ಬರು ಅಂಗಡಿಯ ಬಾಗಿಲೆಳೆದಂತೆಲ್ಲ ಒಂದೊಂದು ಗ್ರಂಥವೇ ಅಚ್ಚಾಗದೆ ನಾಶವಾಗುತ್ತಿದೆ. ಓದುಬರಹ ಬಲ್ಲ ಸವಾರರು ಅವರ ಬಳಿ ಕುಳಿತು, ಅವರಾಡುವ ಮಾತಿನಲ್ಲಿಯೇ, ಅವರಿಟ್ಟ ಹೆಸರುಗಳಲ್ಲಿಯೇ ಆ ವಿದ್ಯೆಯನ್ನು ಬರೆದಿಡಲಿ. ಇಂಗ್ಲಿಷಿನ ಕೈಪಿಡಿಯನ್ನು ಓದಲಾರದ ಹುಡುಗನಿಗೆ ಅದು ಅನ್ನದ ದಾರಿಯಾದೀತು.

ಮನೆಯ ಮಕ್ಕಳನ್ನು, ಗಂಡುಹುಡುಗರಂತೆಯೇ ಹೆಣ್ಣುಮಕ್ಕಳನ್ನೂ, ಈ ಕೆಲಸದ ಬಳಿ ಕೂರಿಸಿಕೊಳ್ಳಬೇಕು. ಪಾನಾವನ್ನು ಯಾವ ಕಡೆಗೆ ತಿರುವಿದರೆ ಬಿಗಿಯುವುದು, ಎಷ್ಟು ಬಿಗಿದರೆ ಸಾಕು, ಎಷ್ಟಕ್ಕೆ ಮರೆ ಹೋಗುವುದು ಎಂಬುದು ಪುಸ್ತಕದಿಂದ ಬರುವ ತಿಳಿವಳಿಕೆಯಲ್ಲ. ಕೆಟ್ಟುದನ್ನು ಎಸೆಯುವ ಮೊದಲು ಬಿಚ್ಚಿ ನೋಡಬೇಕೆಂಬ ಬುದ್ಧಿಯು ಒಮ್ಮೆ ಮೂಡಿತೆಂದರೆ ಅದು ಮೋಟಾರು ಸೈಕಲ್ಲಿಗೆ ಮಾತ್ರ ನಿಲ್ಲುವುದಿಲ್ಲ. ಮನೆಯ ಪಂಪಿಗೂ, ಮಿಕ್ಸಿಗೂ, ಊರಿನ ಕೆಲಸಕ್ಕೂ ಹರಡುವುದು. ಯಂತ್ರಗಳನ್ನು ಕೊಳ್ಳುವುದಕ್ಕೆ ಹಣವೊಂದಿದ್ದರೆ ಸಾಕು. ಅವುಗಳ ಒಡೆಯರಾಗಿ ಬಾಳುವುದಕ್ಕೆ ಕೈ ಮಸಿಯಾಗಲು ಅಂಜದ ಜನರು ಬೇಕು. ಅಂಥವರು ಈ ನಾಡಿನಲ್ಲಿ ಇನ್ನೂ ಇದ್ದಾರೆ. ಅವರ ಸಂತತಿಯು ಬೆಳೆಯುವಂತೆ ಮಾಡುವುದು ನಮ್ಮ ಕೈಯಲ್ಲಿದೆ.