ಓವರ್‌ವೆಲ್ಮ್ ಆದವರ ನಿಘಂಟು

ಸುದ್ದಿಮನೆಯ ರಾತ್ರಿ ಪಾಳಿಯಲ್ಲಿ ಏಜೆನ್ಸಿಯಿಂದ ಬಂದ ಇಂಗ್ಲಿಷ್ ಕಾಪಿಯನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕೋರ್ಟು, ಬಜೆಟ್ಟಿನ ಪದಗಳಿಗಾದರೆ ಪಟ್ಟಿಯಿದೆ, ನೋಡಿ ಬರೆದರಾಯಿತು. 'ಓವರ್‌ವೆಲ್ಮ್' ಬಂದರೆ ಮಾತ್ರ ಕೈ ನಿಲ್ಲುತ್ತದೆ. ಚುನಾವಣೆ ಗೆದ್ದ ನಾಯಕರು ಜನರ ಪ್ರೀತಿಯಿಂದ ಓವರ್‌ವೆಲ್ಮ್ ಆಗುತ್ತಾರೆ. ಕೋವಿಡ್ ಉಲ್ಬಣಿಸಿದ್ದ 2021ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಆಸ್ಪತ್ರೆಗಳೂ ಓವರ್‌ವೆಲ್ಮ್ ಆಗಿದ್ದವು. ಯುದ್ಧದ ವರದಿಯಲ್ಲಿ ಒಂದು ಸೇನೆ ಇನ್ನೊಂದನ್ನು ಓವರ್‌ವೆಲ್ಮ್ ಮಾಡುತ್ತದೆ. ನಾನೇನೋ ನಾಯಕರಿಗೆ ಹೃದಯ ತುಂಬಿ ಬಂತೆಂದು, ಆಸ್ಪತ್ರೆಗಳಲ್ಲಿ ಪರಿಸ್ಥಿತಿ ಕೈಮೀರಿತೆಂದು, ಸೇನೆ ಧೂಳೀಪಟವಾಯಿತೆಂದು ಬರೆದು ಮುಗಿಸುತ್ತೇನೆ. ಆದರೂ ಒಂದೇ ಪದ ಇಷ್ಟೊಂದು ಕಡೆ ಹೇಗೆ ಓಡಾಡುತ್ತದೆ ಎಂಬ ಕುತೂಹಲ ಬಿಡಲಿಲ್ಲ. ಅದರ ಬುಡ ಕೆದಕಿದೆ.

ಮಧ್ಯಕಾಲದ ಇಂಗ್ಲಿಷಿನಲ್ಲಿ 'ವೆಲ್ಮ್' ಎಂದರೇ ಮಗುಚುವುದು, ಬೋರಲು ಹಾಕುವುದು. ಪಾತ್ರೆಯನ್ನು ಯಾವುದರ ಮೇಲಾದರೂ ತಲೆಕೆಳಗಾಗಿ ಮುಚ್ಚಿದರೂ ಅದೇ ಪದ. ನಮ್ಮ ಹಳ್ಳಿಗಳಲ್ಲಿ ಕೋಳಿಮರಿಗಳ ಮೇಲೆ ಬುಟ್ಟಿ ಕವುಚುತ್ತಾರಲ್ಲ, ಹಾಗೆ. ಒಳಗಿರುವ ಮರಿಗೆ ಏನನ್ನಿಸುತ್ತದೋ ಅದೇ ಓವರ್‌ವೆಲ್ಮ್. ಅಲೆ ಬಡಿದು ದೋಣಿ ಮಗುಚಿಕೊಂಡು ನೀರು ಮೇಲೆ ಮುಚ್ಚಿಕೊಳ್ಳುವುದಕ್ಕೂ ಇದನ್ನೇ ಬಳಸಿದರು. 'ವೆಲ್ಮ್' ಒಂದೇ ಸಾಕಾಗಿತ್ತು. 'ಓವರ್' ಸೇರಿದ್ದು ಒತ್ತಿ ಹೇಳಲಿಕ್ಕೆ. ಕಾಲಕ್ರಮದಲ್ಲಿ ಬರೀ 'ವೆಲ್ಮ್' ಬಳಕೆಯಿಂದ ಬಹುಮಟ್ಟಿಗೆ ಮಾಯವಾಯಿತು. ಇಪ್ಪತ್ತನೇ ಶತಮಾನದಲ್ಲಿ ಯಾರೋ ತಮಾಷೆಗೆ 'ಅಂಡರ್‌ವೆಲ್ಮ್' ಎಂದರು, ಅಂದರೆ ಸಪ್ಪೆ ಎನ್ನಿಸುವುದು. ಅದೀಗ ಸಿನಿಮಾ ವಿಮರ್ಶೆಗಳ ಖಾಯಂ ಗಿರಾಕಿ.

ಇದರ ನೆಂಟರಿಷ್ಟರೂ ನೀರಿನವರೇ. 'ಸ್ವಾಂಪ್ಡ್' ಎಂದರೆ ನೀರು ತುಂಬಿ ಮುಳುಗುತ್ತಿರುವ ದೋಣಿ. 'ಡೆಲ್ಯೂಜ್' ಬೈಬಲಿನ ನೋಹನ ಕಾಲದ ಪ್ರಳಯ. 'ಇನಂಡೇಟೆಡ್' ಹುಟ್ಟಿದ್ದು ಲ್ಯಾಟಿನ್ನಿನ 'ಉಂಡಾ' ಎಂಬ ಪದದಿಂದ. ಉಂಡಾ ಎಂದರೆ ಅಲೆ. ಸಮೃದ್ಧಿ ಎಂಬರ್ಥದ 'ಅಬಂಡೆನ್ಸ್' ಕೂಡ ಅದೇ ಅಲೆಯ ಕೂಸು. 'ರಿಡಂಡೆಂಟ್' ಕೂಡ ಹಾಗೆಯೇ, ತುಂಬಿ ಹೊರಚೆಲ್ಲಿದ್ದು. ಬ್ರಿಟನ್ನಿನಲ್ಲಿ ನೌಕರರನ್ನು ಮನೆಗೆ ಕಳಿಸುವಾಗ ಹೇಳುವುದು ಈ ಪದವನ್ನೇ. ಕೆಲಸ ಹೆಚ್ಚಾದರೆ ನೀವು ಇನಂಡೇಟೆಡ್, ನೀವೇ ಹೆಚ್ಚಾದರೆ ರಿಡಂಡೆಂಟ್! ಅಮೆರಿಕದವರು ಹೆಪ್ಪುಗಟ್ಟಿದ ನೀರನ್ನೂ ಬಿಡಲಿಲ್ಲ, ಹಿಮದಡಿ ಹೂತುಹೋದವರನ್ನು ನೆನೆದು 'ಸ್ನೋಡ್ ಅಂಡರ್' ಎಂದರು.

ನಮ್ಮ ಕಡೆಯಿಂದ ಹೋದ ಪದವೂ ಒಂದಿದೆ. ಪುರಿಯ ಜಗನ್ನಾಥನ ರಥ ಕಂಡು ಬೆರಗಾದ ಯುರೋಪಿಯನ್ ಪ್ರವಾಸಿಗರು ಭಕ್ತರು ಚಕ್ರದಡಿ ಬೀಳುತ್ತಾರೆಂದು ಬರೆದರು. ಅದು ಹಾಗೇ ಬೆಳೆದು ಎದುರಿಗೆ ಬಂದದ್ದನ್ನೆಲ್ಲ ತುಳಿದು ಸಾಗುವ ಶಕ್ತಿಗೆ 'ಜಗ್ಗರ್‌ನಾಟ್' ಎಂಬ ಹೆಸರಾಯಿತು. ದೇವರಿಗೆ ಮಾಡಿದ ಅನ್ಯಾಯವೇ ಸರಿ.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಸಮುದ್ರ ಹಿಂದೆ ಸರಿದು ಯಂತ್ರ ಮುಂದೆ ಬರುತ್ತದೆ. ವಿಯೆನ್ನಾದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ವಿಜ್ಞಾನಿ ಹ್ಯಾನ್ಸ್ ಸೆಲಿಯೆ 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಇಲಿಗಳನ್ನು ಚಳಿಗೆ ಒಡ್ಡಲಿ, ಗಾಯಗೊಳಿಸಲಿ, ವಿಪರೀತ ದಣಿಸಲಿ, ಅವುಗಳ ದೇಹ ಹೆಚ್ಚುಕಡಿಮೆ ಒಂದೇ ರೀತಿ ಸ್ಪಂದಿಸುತ್ತದೆ ಎಂಬುದು ಅದರ ಸಾರ. ಮುಂದೆ ಇದಕ್ಕೆ 'ಸ್ಟ್ರೆಸ್' ಎಂಬ ಹೆಸರನ್ನು ಊರೆಲ್ಲ ಹಬ್ಬಿಸಿದವರೂ ಅವರೇ. ಅದು ಎಂಜಿನಿಯರುಗಳ ಪದ. ಕಬ್ಬಿಣದ ತೊಲೆಯ ಮೇಲೆ ಬೀಳುವ ಬಲ ಸ್ಟ್ರೆಸ್, ಅದರಿಂದ ತೊಲೆ ಬಾಗಿದರೆ ಅದು 'ಸ್ಟ್ರೇನ್'. ತಮ್ಮ ಇಂಗ್ಲಿಷ್ ಇನ್ನಷ್ಟು ಚೆನ್ನಾಗಿದ್ದಿದ್ದರೆ ಸ್ಟ್ರೇನ್ ಎಂದೇ ಕರೆಯುತ್ತಿದ್ದೆ ಎಂದು ಸೆಲಿಯೆ ಆಮೇಲೆ ಹೇಳಿಕೊಂಡರು. ಅಷ್ಟರಲ್ಲಿ ಕಾಲ ಮಿಂಚಿತ್ತು.

1970ರಲ್ಲಿ ಆಲ್ವಿನ್ ಟಾಫ್ಲರ್ ತಮ್ಮ 'ಫ್ಯೂಚರ್ ಶಾಕ್' ಪುಸ್ತಕದಿಂದ 'ಇನ್ಫರ್ಮೇಷನ್ ಓವರ್‌ಲೋಡ್' ಎಂಬ ಮಾತನ್ನು ಮನೆಮಾತಾಗಿಸಿದರು. 1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 'ಬರ್ನ್‌ಔಟ್' ಬಗ್ಗೆ ಬರೆದರು. ಅವರು ನ್ಯೂಯಾರ್ಕಿನಲ್ಲಿ ಹಗಲೆಲ್ಲ ತಮ್ಮ ರೋಗಿಗಳನ್ನು ನೋಡಿ, ಸಂಜೆಯ ಮೇಲೆ ಬಡವರ ಉಚಿತ ಚಿಕಿತ್ಸಾಲಯಕ್ಕೆ ಹೋಗಿ ದುಡಿಯುತ್ತಿದ್ದರು. ಉತ್ಸಾಹದಿಂದ ಬಂದ ಸ್ವಯಂಸೇವಕರು ಕೆಲವೇ ತಿಂಗಳಲ್ಲಿ ಕಳಾಹೀನರಾಗುವುದನ್ನು ಕಂಡವರು, ಸ್ವತಃ ಅನುಭವಿಸಿದವರು.

ಸಮುದ್ರದಿಂದ ಯಂತ್ರಕ್ಕೆ ಆದ ಈ ಬದಲಾವಣೆ ನನಗೆ ಸಣ್ಣದಾಗಿ ಕಾಣುವುದಿಲ್ಲ. ದೋಣಿ ಮಗುಚಿದರೆ ಬಿರುಗಾಳಿಯನ್ನು ಬೈಯುತ್ತಿದ್ದರು. ಯಂತ್ರ ನಿಂತರೆ ಯಂತ್ರವನ್ನೇ ತಪಾಸಣೆ ಮಾಡುತ್ತಾರೆ: ಇದರ ತಾಕತ್ತು ಎಷ್ಟು, ರಿಪೇರಿ ಆಗುತ್ತದೋ ಇಲ್ಲವೋ. ಕಂಪನಿಗಳು ಹೊರೆಯನ್ನು ಇಳಿಸದೆ ಧ್ಯಾನ ಶಿಬಿರ ಏರ್ಪಡಿಸುವುದು ಈ ಲೆಕ್ಕಾಚಾರದಲ್ಲೇ.

ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿರುವ ನನ್ನ ತಂಗಿಯ ಮಗಳು ಮೊನ್ನೆ ಫೋನಿನಲ್ಲಿ, "ತುಂಬಾ ಓವರ್‌ವೆಲ್ಮಿಂಗ್ ಆಗ್ತಿದೆ ದೊಡ್ಡಮ್ಮ" ಎಂದಳು. "ಮ್ಯಾನೇಜರ್‌ಗೆ ಹೇಳಿದ್ಯಾ?" ಎಂದೆ. "ಅವರ ಹತ್ರ ಹಾಗನ್ನಕ್ಕಾಗಲ್ಲ, ಸ್ವಾಂಪ್ಡ್ ಅಂದೆ" ಎಂದಳು. ಹುಡುಗಿ ಜಾಣೆ. ಸ್ವಾಂಪ್ಡ್ ಎಂದರೆ ಕೆಲಸ ಜಾಸ್ತಿಯಿದೆ, ನಾನು ಗಟ್ಟಿಯಾಗಿದ್ದೇನೆ ಎಂದು. ಓವರ್‌ವೆಲ್ಮ್ಡ್ ಎಂದರೆ ನನಗೇ ದಿಕ್ಕು ತೋಚುತ್ತಿಲ್ಲ ಎಂದು. 'ಫ್ರ್ಯಾಜ಼ಲ್ಡ್' ಎಂದಿದ್ದರೆ ಬಟ್ಟೆಯಂಚಿನ ನೂಲಿನಂತೆ ನರಗಳು ಬಿಚ್ಚಿಕೊಂಡಿವೆ ಎಂದಾಗುತ್ತಿತ್ತು.

ಇವುಗಳಲ್ಲಿ ಅಧಿಕೃತ ಮುದ್ರೆ ಬಿದ್ದಿರುವುದು ಬರ್ನ್‌ಔಟ್‌ಗೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಹನ್ನೊಂದನೇ ವರ್ಗೀಕರಣದಲ್ಲಿ ಅದನ್ನು ವಿವರಿಸಿತು: ಕೆಲಸದ ಜಾಗದ ದೀರ್ಘ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಬರುವ ಸ್ಥಿತಿ, ಶಕ್ತಿ ಉಡುಗುತ್ತದೆ, ಕೆಲಸದ ಬಗ್ಗೆ ಜಿಗುಪ್ಸೆ ಹುಟ್ಟುತ್ತದೆ, ದಕ್ಷತೆ ಕುಗ್ಗುತ್ತದೆ. ಕಾಯಿಲೆ ಎಂದು ಮಾತ್ರ ಅದು ಒಪ್ಪಲಿಲ್ಲ. ಜೊತೆಗೆ, ಉದ್ಯೋಗದ ಹೊರಗಿನ ಬದುಕಿಗೆ ಈ ಪದವನ್ನು ಅನ್ವಯಿಸಬಾರದೆಂದೂ ಹೇಳಿತು. ಅಂದರೆ ಹಾಸಿಗೆ ಹಿಡಿದ ಅತ್ತೆಯನ್ನೂ ಮೂರು ಹೊತ್ತಿನ ಅಡುಗೆಯನ್ನೂ ವರ್ಷಗಟ್ಟಲೆ ನೋಡಿಕೊಂಡು ಸೋತ ಹೆಂಗಸಿಗೆ ಬರ್ನ್‌ಔಟ್ ಆಗುವಂತಿಲ್ಲ. ಈ ಮಾತು ನನಗೆ ಒಪ್ಪಿಗೆಯಿಲ್ಲ.