ನಂಬಿಕೆಯ ಬೇರು ಎಲ್ಲಿದೆ?

ತಂತಿಯ ದಪ್ಪವನ್ನಳೆಯಲು ನಮ್ಮ ಬಳಿ ಸ್ಕ್ರೂಗೇಜು ಇದೆ. ಪ್ರೀತಿಸುವ ಇಬ್ಬರ ನಡುವಣ ನಂಬಿಕೆಯನ್ನು ಯಾವುದರಿಂದ ಅಳೆಯೋಣ? ಭೌತಶಾಸ್ತ್ರ ಬೋಧಿಸುವ ನಮಗೆ ಈ ಪ್ರಶ್ನೆ ಬಹುಕಾಲ ವಿಜ್ಞಾನದ ಹೊರಗಿನದಾಗಿಯೇ ತೋರಿತ್ತು.

"ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಮನಸ್ಸು ಬಿಚ್ಚಿ ಮಾತಾಡಿದ್ದನ್ನೇ ಕಂಡಿಲ್ಲ ಸಾರ್. ನಾನು ಯಾರನ್ನಾದರೂ ನಂಬಬಲ್ಲೆನೇ?" ಎಂದು ವಿದ್ಯಾರ್ಥಿಯೊಬ್ಬ ಕೇಳಿದಂದು ನಾವು ಮನಶ್ಶಾಸ್ತ್ರದ ಗ್ರಂಥಗಳನ್ನು ತೆರೆಯಬೇಕಾಯಿತು.

1960ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಮೇರಿ ಐನ್ಸ್‌ವರ್ತ್ ಎಂಬಾಕೆ ವರ್ಷದ ಕೂಸುಗಳನ್ನು ತಾಯಂದಿರೊಡನೆ ಅಪರಿಚಿತ ಕೊಠಡಿಯೊಂದಕ್ಕೆ ಕರೆತಂದರು. ತಾಯಿ ಸ್ವಲ್ಪ ಹೊತ್ತು ಹೊರಹೋಗಿ ಮರಳುವಳು. ಕೂಸು ಅತ್ತಿತೇ ಎಂಬುದಕ್ಕಿಂತ, ಮರಳಿದ ತಾಯಿಯನ್ನು ಅದು ಹೇಗೆ ಬರಮಾಡಿಕೊಂಡಿತೆಂಬುದೇ ಮುಖ್ಯ. ಬಹುಪಾಲು ಕೂಸುಗಳು ಅವಳ ಬಳಿ ಸಾರಿ, ಸಮಾಧಾನಗೊಂಡು ಆಟಕ್ಕೆ ಮರಳಿದವು. ಕೆಲವು ಮುಖ ತಿರುಗಿಸಿದವು. ಕೆಲವು ಅವಳನ್ನು ಬಿಗಿಹಿಡಿದೂ ಸಿಟ್ಟಿನಿಂದ ಕೊಸರಾಡಿದವು. ಅಳುವಿಗೆ ಒಡನೆ ಓಗೊಡುವ ತಾಯಂದಿರ ಮಕ್ಕಳೇ ಮೊದಲ ಗುಂಪಿನಲ್ಲಿ ಹೆಚ್ಚು.

ಪ್ರಣಯದಲ್ಲಿಯೂ ಈ ಮೂರು ಬಗೆಗಳುಂಟೇ? ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ದಿನಪತ್ರಿಕೆಯೊಂದರಲ್ಲಿ ಪ್ರಶ್ನಾವಳಿಯನ್ನು ಅಚ್ಚುಹಾಕಿಸಿ, 620 ಉತ್ತರಗಳನ್ನು ವಿಶ್ಲೇಷಿಸಿ, 1987ರಲ್ಲಿ ಪ್ರಕಟಿಸಿದರು. ಶೇಕಡಾ 56 ಮಂದಿ ನಿರಾಳವಾಗಿ ನಂಬುವವರು. 25 ಮಂದಿ ಹತ್ತಿರವಾಗಲು ಹಿಂಜರಿಯುವವರು. 19 ಮಂದಿ ಸಂಗಾತಿ ಬಿಟ್ಟುಹೋದಾರೆಂದು ಅಂಜುವವರು. ಮೊದಲಿನವರು ತಂದೆತಾಯಿಯರೊಡನೆ ಮಾತ್ರವಲ್ಲದೆ, ತಂದೆತಾಯಿಯರ ನಡುವೆಯೂ ಬೆಚ್ಚನೆಯ ಬಾಂಧವ್ಯವಿದ್ದುದನ್ನು ಹೆಚ್ಚಾಗಿ ನೆನೆದರು.

ಆದರೆ ನೆನಪು ದೋಷವುಳ್ಳ ಉಪಕರಣ; ಇಂದಿನ ಸುಖ ಅಂದಿನ ಮನೆಗೂ ಸುಣ್ಣ ಬಳಿಯಬಲ್ಲದು. ಉತ್ತರಿಸಿದವರೂ ತಾವಾಗಿ ಮುಂದೆ ಬಂದವರು. ಶಿಶುಗಳನ್ನೇ ಯೌವನದವರೆಗೆ ಅನುಸರಿಸಿದ ಅಧ್ಯಯನಗಳಲ್ಲಿ ಸಂಬಂಧವೇನೋ ಕಂಡಿದೆ, ಬಿಗಿಯಾದುದಲ್ಲ. ನಡುವೆ ದೊರೆತ ಒಳ್ಳೆಯ ಗೆಳೆಯ, ಮಾತಿಗೆ ತಪ್ಪದ ಸಂಗಾತಿ, ಲೆಕ್ಕವನ್ನು ಬದಲಿಸುವುದುಂಟು. ನಮ್ಮ ವಿದ್ಯಾರ್ಥಿಗೆ ಮೊದಲು ಹೇಳಿದುದು ಇದನ್ನೇ.

ಮನಸ್ಸು ಬಿಚ್ಚುವುದಕ್ಕೂ ಒಂದು ಪ್ರಯೋಗವಿದೆ. 1997ರಲ್ಲಿ ಆರ್ಥರ್ ಆರನ್ ಮತ್ತು ಸಂಗಡಿಗರು ಅಪರಿಚಿತರ ಜೋಡಿಗಳಿಗೆ 36 ಪ್ರಶ್ನೆಗಳನ್ನಿತ್ತರು. ಮೊದಲಿನವು ಹಗುರ; ಮುಂದಿನವು ಹಂತಹಂತವಾಗಿ ಅಂತರಂಗದವು. ಮುಕ್ಕಾಲು ಗಂಟೆಯ ಬಳಿಕ ಇವರು, ಬರಿಯ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಹೆಚ್ಚು ಹತ್ತಿರವಾದಂತೆ ಭಾವಿಸಿದರು. ಇಲ್ಲಿ ಹಂತವೆಂಬುದನ್ನು ವಾಚಕರು ಮರೆಯಬಾರದು. ದಪ್ಪ ಗಾಜಿನ ಲೋಟಕ್ಕೆ ಕುದಿನೀರನ್ನು ಒಮ್ಮೆಗೇ ಸುರಿದರೆ ಬಿರಿಯುತ್ತದೆ. ಮೆಲ್ಲನೆ ಬಿಸಿಯಾದರೆ ತಾಳಿಕೊಳ್ಳುತ್ತದೆ. ಹತ್ತಿರವಾದ ಭಾವವೇ ನಂಬಿಕೆಯಲ್ಲವೆಂಬುದೂ ನಿಜ. ಅದಕ್ಕೆ ಮುಕ್ಕಾಲು ಗಂಟೆ ಸಾಲದು.

"ಮೊದಲು ಯಾರು ಹೇಳಬೇಕು ಸಾರ್?" ಎಂದ ಹುಡುಗ.

ಆರನ್ನರ ಪ್ರಯೋಗದಲ್ಲಿ ಪ್ರತಿಯೊಂದು ಪ್ರಶ್ನೆಗೂ ಇಬ್ಬರೂ ಉತ್ತರಿಸಬೇಕಾಗಿತ್ತೆಂದು ತಿಳಿಸಿದೆವು.